ಹನ್ನೊಂದು ಕೋಳಿ ಕೊಂದ ಕರಿಯನಿಗೆ ಅದು ತಪ್ಪು ಅಂತ ಗೊತ್ತಿತ್ತಾ?

ಗುಬ್ಬಿ_ಹುಡುಗ (ಸೋಮವಾರ ರಾತ್ರಿ 9.10)
ಎಲ್ಲರಿಗೂ ನಮಸ್ಕಾರ. ನಮ್ಮೂರು ಗುಬ್ಬಿ ತಾಲೂಕು, ನಿಟ್ಟೂರು ಕಡೆ. ತುಮಕೂರಿನಲ್ಲಿ ಕೆಲಸ, ಶನಿವಾರ ಸಂಜೆ ಊರಿಗೆ ಹೋಗುತ್ತೇನೆ.

ನಿನ್ನೆ ಭಾನುವಾರ ಬೆಳಿಗ್ಗೆ ಎದ್ದರೆ ಮನೆ ಮುಂದೆ ಗಲಾಟೆ. ಪಕ್ಕದ ಮನೆ ದೊಡ್ಡಪ್ಪನ (ಸಂಬಂಧ ಏನಿಲ್ಲ, ಕರೆಯುವುದು ಹಾಗೆ) ಗೂಡಿನಲ್ಲಿ ಹನ್ನೊಂದು ನಾಟಿ ಕೋಳಿ ಸತ್ತು ಬಿದ್ದಿದ್ದವು. ನಮ್ಮ ನಾಯಿ ಕರಿಯ ಬಾಯಲ್ಲಿ ಒಂದು ಹ್ಯಾಟೆ ಕಚ್ಚಿಕೊಂಡು ತಿಪ್ಪೆ ಹತ್ತಿರ ನಿಂತಿದ್ದ. ಇನ್ನೇನು ಸಾಕ್ಷಿ ಬೇಕು ಹೇಳಿ?

ಅಪ್ಪ ಮಾತಾಡದೆ ಒಳಗೆ ಹೋಗಿ ಐದು ಸಾವಿರ ತಂದು ಕೊಟ್ಟರು. ದೊಡ್ಡಪ್ಪ ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡರು. ಆದರೂ ಸಮಾಧಾನ ಇಲ್ಲ. "ಇದು ನಿಮ್ಮ ತಪ್ಪಿಗೆ ಆಯ್ತು. ನಾಯಿ ತಪ್ಪಿಗೆ ಏನು? ದೂರ ಎಲ್ಲಾದ್ರೂ ಬಿಟ್ಟು ಬನ್ನಿ, ಇಲ್ಲಾಂದ್ರೆ ನಾನೇ ಒಂದು ಗತಿ ಕಾಣಿಸ್ತೀನಿ" ಅಂದರು.

ನಾನು ಕರಿಯನ ಹತ್ತಿರ ಹೋದಾಗ ತಲೆ ಕೆಳಗೆ, ಬಾಲ ಕಾಲ ಸಂದಿಯಲ್ಲಿ, ಕಣ್ಣು ಬೇರೆ ಎಲ್ಲೋ. ಅಮ್ಮ ಹೇಳಿದ್ದು, "ನೋಡು, ಮಾಡಿದ್ದು ಏನು ಅಂತ ಅದಕ್ಕೇ ಗೊತ್ತು."

ನಿನ್ನೆಯಿಂದ ಅದೇ ತಲೆಯಲ್ಲಿ ಓಡುತ್ತಿದೆ. ನಿಜವಾಗ್ಲೂ ಗೊತ್ತಾ? ಪ್ರಾಣಿಗೆ ಸರಿ ತಪ್ಪು ಅಂತ ಇದೆಯಾ? ಇಲ್ಲ ಅಂದರೆ ಶಿಕ್ಷೆ ಯಾಕೆ? ಇದೆ ಅಂದರೆ ನೀತಿ, ಧರ್ಮ ಅಂತ ಬರೀ ನಾವೇ ಯಾಕೆ ಎದೆ ಬಡಿದುಕೊಳ್ಳುತ್ತೇವೆ?

ಕ್ಯಾತ್ಸಂದ್ರ_ತಟ್ಟೆ
ಗೊತ್ತಿರುತ್ತೆ ಅಣ್ಣ. ನಮ್ಮ ಮನೆ ಬೆಕ್ಕು ಹಾಲು ಕುಡಿದ ದಿನ ಎರಡು ಗಂಟೆ ಮನೆ ಕಡೆಗೇ ಬರುವುದಿಲ್ಲ.

ರಾಗಿಮುದ್ದೆ
ಅದು ಪಾಪಪ್ರಜ್ಞೆ ಅಲ್ಲ ಗುರು. ಪೊರಕೆ ಪ್ರಜ್ಞೆ.

ದನದ_ಡಾಕ್ಟ್ರು
ರಾಗಿಮುದ್ದೆ ತಮಾಷೆಗೆ ಹೇಳಿದ್ದು ನಿಜವೇ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅಂತ ಅಮೆರಿಕದ ಸಂಶೋಧಕಿ, 2009ರಲ್ಲಿ. ನಾಯಿ ಮುಂದೆ ತಿಂಡಿ ಇಟ್ಟು, "ಮುಟ್ಟಬೇಡ" ಅಂತ ಹೇಳಿ ಮಾಲೀಕರು ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂತೋ ಇಲ್ಲವೋ ಅಂತ ಅವರಿಗೆ ಹೇಳುತ್ತಾರೆ. ಕೆಲವು ಸಲ ಬೇಕಂತಲೇ ಸುಳ್ಳು ಹೇಳುತ್ತಾರೆ. ಹಾಗಾಗಿ ಏನೂ ಮುಟ್ಟದ ನಾಯಿಗೂ ಬೈಗುಳ ಬಿತ್ತು. ಕೊನೆಗೆ ನೋಡಿದರೆ ನಾಯಿ ತಲೆ ತಗ್ಗಿಸುವುದಕ್ಕೂ ಅದು ತಿಂದಿತ್ತಾ ಇಲ್ಲವಾ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಬೈದರೆ ತಗ್ಗಿಸಿತು, ಅಷ್ಟೇ. ತಿನ್ನದೆ ಬೈಸಿಕೊಂಡ ನಾಯಿಗಳ ಮುಖದಲ್ಲೇ "ತಪ್ಪಾಯ್ತು" ಅನ್ನುವ ಕಳೆ ಜಾಸ್ತಿ ಕಂಡಿದ್ದು.

ಅಂದರೆ ಕರಿಯ ತಲೆ ತಗ್ಗಿಸಿದ್ದು ಕೋಳಿಗಲ್ಲ. ನಿಮ್ಮ ದನಿಗೆ, ಇಲ್ಲ ನಿಮ್ಮ ಕೈಲಿದ್ದ ಕೋಲಿಗೆ.

ಇನ್ನೊಂದು ಮಾತು. ಸತ್ತ ಕೋಳಿಗಳಿಗೆ ಗಾಯ ಎಲ್ಲಿತ್ತು? ಯಾರಾದರೂ ನೋಡಿದ್ರಾ?

ತಿಪಟೂರು_ತೋಟ
ಪ್ರಾಣಿಗೆ ನೀತಿ ಇಲ್ಲ ಅನ್ನುವವರು ಮೊದಲು ಮನುಷ್ಯನ ಕಡೆ ನೋಡಲಿ. ಪ್ರಾಣಿ ಹಸಿವಾದಾಗ ಮಾತ್ರ ಕೊಲ್ಲುತ್ತೆ, ಹೊಟ್ಟೆಗೆ ಎಷ್ಟು ಬೇಕೋ ಅಷ್ಟೇ. ಹೊಟ್ಟೆ ತುಂಬಿದ ಮೇಲೂ ಕೊಲ್ಲುವುದು ಮನುಷ್ಯ ಒಬ್ಬನೇ. ಕೂಡಿಡುವುದು, ಮೋಸ, ಯುದ್ಧ ಎಲ್ಲ ನಮ್ಮದೇ. ನನ್ನ ಕೇಳಿದರೆ ನಾಯಿಯೇ ಮೇಲು.

ಪಾವಗಡ_ಬಿಸಿಲು
@ತಿಪಟೂರು_ತೋಟ ಸರ್, ಈ "ಹೊಟ್ಟೆಗೆ ಬೇಕಾದಷ್ಟೇ" ಮಾತನ್ನು ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಕಳಿಸುತ್ತಾರೆ. ಕುರಿ ಸಾಕಿದವರನ್ನು ಒಂದು ಸಲ ಕೇಳಿ.

ಮೂರು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ರೊಪ್ಪಕ್ಕೆ ಚಿರತೆ ನುಗ್ಗಿತ್ತು. ಮುಳ್ಳಿನ ಬೇಲಿ ಹಾರಿ ಬಂದಿದೆ. ಹದಿನೇಳು ಕುರಿ ಕೊಂದಿತ್ತು. ತಿಂದದ್ದು ಒಂದರಲ್ಲಿ ಅರ್ಧ. ಉಳಿದವಕ್ಕೆಲ್ಲ ಕುತ್ತಿಗೆಯಲ್ಲಿ ಎರಡು ತೂತು, ಅಷ್ಟೇ. ಬೆಳಿಗ್ಗೆ ಚಿಕ್ಕಪ್ಪ ಅಳಲೂ ಇಲ್ಲ. ಬೀಡಿ ಹಚ್ಚಿಕೊಂಡು ಒಂದೊಂದನ್ನೇ ಸಾಲಾಗಿ ಮಲಗಿಸುತ್ತಿದ್ದರು. ಆ ಚಿರತೆಗೆ ಅಷ್ಟು ಹಸಿವಿತ್ತಾ?

ಹಾಗಂತ ಅದು ದುಷ್ಟ ಅಂತ ನಾನು ಹೇಳುತ್ತಿಲ್ಲ. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಓಡಿ ಹೋಗುತ್ತವೆ. ರೊಪ್ಪದಲ್ಲಿ ಓಡಲು ಜಾಗ ಇಲ್ಲ. ಕಣ್ಣ ಮುಂದೆ ಏನಾದರೂ ಅಲ್ಲಾಡುತ್ತಿರುವವರೆಗೆ ಅದರ ಕೈ ನಿಲ್ಲುವುದಿಲ್ಲ. ಹಾನ್ಸ್ ಕ್ರೂಕ್ ಅಂತ ಪ್ರಾಣಿ ವಿಜ್ಞಾನಿ 1972ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ನರಿ, ಕತ್ತೆಕಿರುಬ ಎಲ್ಲ ಇದನ್ನು ಮಾಡುತ್ತವೆ. ಕೋಳಿ ಗೂಡಿಗೂ ಇದೇ ಲೆಕ್ಕ.

ತಿಪಟೂರು_ತೋಟ
ಸರಿ, ಕುರಿ ವಿಷಯ ಒಪ್ಪಿದೆ. ಆದರೆ ತನ್ನ ಜಾತಿಯವರನ್ನೇ ಕೊಲ್ಲುವುದು? ಅದು ಮನುಷ್ಯ ಮಾತ್ರ.

ಧಾರವಾಡದ_ಸೊಸೆ
ಮನುಷ್ಯ ಮಾತ್ರ ಅಲ್ಲ ಸರ್. ಇದು ಮೊದಲು ಸರಿಯಾಗಿ ದಾಖಲಾಗಿದ್ದೇ ನಮ್ಮ ತವರಿನಲ್ಲಿ. 1960ರ ದಶಕದ ಶುರುವಿನಲ್ಲಿ ಯುಕಿಮಾರು ಸುಗಿಯಾಮಾ ಅಂತ ಜಪಾನಿನ ವಿಜ್ಞಾನಿ ಧಾರವಾಡದ ಸುತ್ತ ಕಾಡಿನಲ್ಲಿ ಮುಸಿಯಗಳನ್ನು ನೋಡುತ್ತಾ ಕೂತಿದ್ದರು. ಹೊರಗಿನ ಗಂಡು ಬಂದು ಗುಂಪಿನ ಹಳೇ ಯಜಮಾನನನ್ನು ಓಡಿಸುತ್ತೆ. ಆಮೇಲೆ ತಾಯಂದಿರ ಎದೆಗೆ ಅಂಟಿಕೊಂಡಿದ್ದ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಲ್ಲುತ್ತೆ. ಮರಿ ಹೋದರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತಾಳೆ ಅನ್ನುವ ವಿವರಣೆ ಆಮೇಲೆ ಬಂತು. ಮೊದಮೊದಲು ಎಷ್ಟೋ ಜನ ನಂಬಲೇ ಇಲ್ಲ, ಆ ಕೋತಿಗಳಿಗೆ ಏನೋ ಆಗಿದೆ ಅಂದರಂತೆ.

ಚಿಂಪಾಂಜಿ ಕಥೆಯೂ ಇದೆ. ಟಾಂಜಾನಿಯಾದ ಗೊಂಬೆ ಅನ್ನುವ ಕಾಡಿನಲ್ಲಿ ಜೇನ್ ಗುಡಾಲ್ ಅಂತ ಸಂಶೋಧಕಿ ನೋಡಿದ್ದು. ಒಂದೇ ಗುಂಪು ಎರಡಾಯಿತು. 1974ರಿಂದ 78ರವರೆಗೆ ಒಂದು ಬಣ ಇನ್ನೊಂದು ಬಣದ ಗಂಡುಗಳನ್ನು ಒಬ್ಬೊಬ್ಬರಾಗಿ ಹಿಡಿದು ಕೊಂದಿತು. ಮೊದಲು ಒಂದೇ ಮರದಲ್ಲಿ ಹಣ್ಣು ತಿಂದವರು, ಒಬ್ಬರ ಹೇನು ಒಬ್ಬರು ತೆಗೆದವರು.

ರಾಗಿಮುದ್ದೆ
ಅಣ್ಣ ತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ.

ಕ್ಯಾತ್ಸಂದ್ರ_ತಟ್ಟೆ
ಈ ಎಳೆ ಓದಿ ಪ್ರಾಣಿಗಳ ಮೇಲಿದ್ದ ಪ್ರೀತಿಯೇ ಹೋಯ್ತು.

ನಿವೃತ್ತ_ಮೇಷ್ಟ್ರು
ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಸಿಕೊಂಡು ಹೋಗಿ.

ಇಲ್ಲಿ ಎರಡು ಜಗಳ ಒಂದೇ ಆಗಿಬಿಟ್ಟಿದೆ. ಪ್ರಾಣಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಒಂದು. ಒಳ್ಳೆಯದು ಕೆಟ್ಟದ್ದು ಅನ್ನುವ ಮಾತು ಪ್ರಾಣಿಗೆ ಹೊಂದುತ್ತಾ ಅನ್ನುವುದು ಇನ್ನೊಂದು. ಹಳೇ ಶ್ಲೋಕದಲ್ಲಿ ಊಟ, ನಿದ್ದೆ, ಭಯ, ಸಂಗ ಈ ನಾಲ್ಕೂ ಪಶುವಿಗೂ ಮನುಷ್ಯನಿಗೂ ಸಮ, ಧರ್ಮ ಒಂದೇ ಮನುಷ್ಯನಿಗೆ ಹೆಚ್ಚು ಅಂತ ಇದೆ. ಡಾರ್ವಿನ್ ಕೂಡ 1871ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ. ಮನುಷ್ಯನಿಗೂ ಉಳಿದ ಪ್ರಾಣಿಗಳಿಗೂ ಇರುವ ವ್ಯತ್ಯಾಸಗಳಲ್ಲಿ ದೊಡ್ಡದು ಆತ್ಮಸಾಕ್ಷಿ ಅಂತ. ಆದರೆ ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಗುಂಪಿನಲ್ಲಿ ಬದುಕುವ, ಮರಿಗಳನ್ನು ಪ್ರೀತಿಸುವ ಯಾವ ಪ್ರಾಣಿಗಾದರೂ ನಮ್ಮಷ್ಟು ಬುದ್ಧಿ ಬೆಳೆದರೆ ಆತ್ಮಸಾಕ್ಷಿಯೂ ಹುಟ್ಟುತ್ತೆ ಅಂದ. ಬೇರು ಅಲ್ಲೂ ಇದೆ, ಮರ ಇಲ್ಲಿ ಬೆಳೆದಿದೆ ಅನ್ನುವ ಹಾಗೆ.

ಆ ಮುಸಿಯ ಮರಿಯನ್ನು ಕೊಂದು ರಾತ್ರಿ ಮರದ ಮೇಲೆ ಕೂತು "ಛೇ, ಹಾಗೆ ಮಾಡಬಾರದಿತ್ತು" ಅಂತ ಅಂದುಕೊಳ್ಳುವುದಿಲ್ಲ. ಅಂದುಕೊಳ್ಳಲು ಆಗುವುದೂ ಇಲ್ಲ. ನಾವು ಅಂದುಕೊಳ್ಳುತ್ತೇವೆ. ಅಂದುಕೊಂಡೂ ನಾಳೆ ಮತ್ತೆ ಅದನ್ನೇ ಮಾಡುತ್ತೇವೆ, ಆ ಮಾತು ಬೇರೆ. ಇಲ್ಲಿ ಗುಬ್ಬಿ ಹುಡುಗ ನಿನ್ನೆಯಿಂದ ನಿದ್ದೆಗೆಟ್ಟು ಪ್ರಶ್ನೆ ಕೇಳುತ್ತಿದ್ದಾನೆ. ಕರಿಯ ಚೆನ್ನಾಗಿ ನಿದ್ದೆ ಮಾಡಿರುತ್ತಾನೆ.

ಚಿಲುಮೆ_ನೀರು
ಮೇಷ್ಟ್ರೇ, ಆ ಶ್ಲೋಕದ ಕೊನೆ ಸಾಲು ಬಿಟ್ಟಿರಿ. ಧರ್ಮ ಇಲ್ಲದವರು ಪಶುವಿಗೆ ಸಮ ಅಂತ. ಯಾವ ಪಶುವನ್ನು ಕೇಳಿ ಬರೆದರೋ! ಕೆಟ್ಟ ಕೆಲಸ ಮಾಡಿದ್ದು ಮನುಷ್ಯ, ಬೈಗುಳ ಮಾತ್ರ ನಾಯಿಗೆ, ಹಂದಿಗೆ, ಕತ್ತೆಗೆ. ನಾಯಿ ಭಾಷೆಯಲ್ಲಿ "ಮನುಷ್ಯನಂಥವನೇ" ಅಂತ ಬೈಗುಳ ಇದ್ದರೂ ಇರಬಹುದು.

ಕೋಗಿಲೆಯನ್ನೇ ನೋಡಿ. ಕಾಗೆ ಗೂಡಿನಲ್ಲಿ ಕದ್ದು ಮೊಟ್ಟೆ ಇಟ್ಟು ಹೋಗುತ್ತೆ. ಕಾಗೆ ಪಾಪ ತನ್ನದೇ ಮರಿ ಅಂತ ಸಾಕುತ್ತೆ. ನಮ್ಮಲ್ಲಿ ಕೋಗಿಲೆಗೆ ಕವಿತೆ, ಕಾಗೆಗೆ ಪಿಂಡ.

ಲ್ಯಾಬ್_ಹುಡುಗಿ
ಮೇಷ್ಟ್ರ ಮಾತಿಗೆ ನನ್ನದೊಂದು ತಕರಾರು. ಬೇರು ಅಂತ ಸಲೀಸಾಗಿ ಹೇಳಿಬಿಟ್ಟಿರಿ, ಆದರೆ ಆ ಬೇರು ಸಣ್ಣದಲ್ಲ.

1964ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಆಯಿತು, ಈಗ ಕೇಳಿದರೆ ಕ್ರೂರ ಅನ್ನಿಸುತ್ತೆ. ಕೋತಿ ಸರಪಳಿ ಎಳೆದರೆ ಅದಕ್ಕೆ ಊಟ ಸಿಗುತ್ತೆ, ಆದರೆ ಎದುರಿನ ಕೋತಿಗೆ ಕರೆಂಟ್ ಶಾಕ್ ಹೊಡೆಯುತ್ತೆ. ಬಹಳಷ್ಟು ಕೋತಿಗಳು ಆ ಸರಪಳಿ ಎಳೆಯುವುದನ್ನೇ ಬಿಟ್ಟವು. ಒಂದು ಕೋತಿ ಹನ್ನೆರಡು ದಿನ ಉಪವಾಸ ಇತ್ತು. ಇನ್ನೊಂದಕ್ಕೆ ನೋವಾಗಬಾರದು ಅಂತ ಹನ್ನೆರಡು ದಿನ! ನಮ್ಮ ಹಾಸ್ಟೆಲಿನಲ್ಲಿ ಹನ್ನೆರಡು ನಿಮಿಷ ತಡೆಯುವವರು ಇರಲಿಲ್ಲ.

2003ರದ್ದು ಇನ್ನೊಂದು, ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಅವರದು. ಕ್ಯಾಪುಚಿನ್ ಅಂತ ಸಣ್ಣ ಕೋತಿಗಳು. ಎರಡಕ್ಕೂ ಒಂದೇ ಕೆಲಸ. ಇಬ್ಬರಿಗೂ ಸೌತೆಕಾಯಿ ಕೊಟ್ಟರೆ ಆರಾಮಾಗಿ ತಿನ್ನುತ್ತವೆ. ಪಕ್ಕದವನಿಗೆ ದ್ರಾಕ್ಷಿ, ತನಗೆ ಸೌತೆಕಾಯಿ ಅಂದ ಕೂಡಲೇ ಬೇಡ ಅನ್ನುತ್ತೆ, ಕೆಲವು ಅದನ್ನು ಎಸೆದೇ ಬಿಡುತ್ತವೆ. ಇದು ನ್ಯಾಯದ ಪ್ರಶ್ನೆ ಅಲ್ವಾ?

ಲಾಯರಮ್ಮ
ನ್ಯಾಯ ಅಲ್ಲ ತಂಗಿ, ಹೊಟ್ಟೆಕಿಚ್ಚು. ದ್ರಾಕ್ಷಿ ಸಿಕ್ಕವನು "ಅಯ್ಯೋ, ಅವನಿಗೂ ಕೊಡಿ" ಅಂತ ತನ್ನದನ್ನು ವಾಪಸ್ ಕೊಟ್ಟನಾ? ಕೊಟ್ಟಿದ್ದರೆ ನ್ಯಾಯ ಅನ್ನಬಹುದಿತ್ತು. ನನಗೆ ಕಡಿಮೆ ಆಯ್ತು ಅಂತ ಕೂಗುವವರು ನಮ್ಮ ಕೋರ್ಟಿನಲ್ಲಿ ದಿನಾ ಸಿಗುತ್ತಾರೆ. ನನಗೆ ಜಾಸ್ತಿ ಬಂತು ಅಂತ ದಾವೆ ಹಾಕಿದವರನ್ನು ಇಷ್ಟು ವರ್ಷದಲ್ಲಿ ಒಬ್ಬರನ್ನೂ ನೋಡಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ನಾಯಿಗೆ ಶಿಕ್ಷೆ ಅಂದರೆ ನಗಬೇಡಿ, ಒಂದು ಕಾಲದಲ್ಲಿ ಯುರೋಪಿನಲ್ಲಿ ನಿಜವಾಗಲೂ ಮೊಕದ್ದಮೆ ನಡೆಯುತ್ತಿತ್ತು. 1386ರಲ್ಲಿ ಫ್ರಾನ್ಸಿನ ಫಲೇಸ್ ಊರಿನಲ್ಲಿ ಮಗುವನ್ನು ಕೊಂದ ಹಂದಿಗೆ ಮರಣದಂಡನೆ ಕೊಟ್ಟರು. 1457ರದ್ದು ಇನ್ನೂ ಚೆನ್ನಾಗಿದೆ. ಸವಿನ್ಯಿ ಅಂತ ಊರು. ತಾಯಿ ಹಂದಿಯ ಜೊತೆ ಆರು ಮರಿಗಳೂ ಆರೋಪಿಗಳು. ತಾಯಿಗೆ ಶಿಕ್ಷೆ ಆಯಿತು. ಮರಿಗಳನ್ನು ಬಿಟ್ಟರು. ಕಾರಣ, ವಯಸ್ಸು ಚಿಕ್ಕದು, ಮೇಲೆ ತಾಯಿಯೇ ಕೆಟ್ಟ ದಾರಿ ತೋರಿಸಿದ್ದಾಳೆ.

ನಕ್ಕಿದ್ದು ಸಾಕು. ಆ ಮರಿಗಳ ವಾದ ನಮ್ಮ ಕಾನೂನಿನಲ್ಲಿ ಇವತ್ತಿಗೂ ಇದೆ. ಏಳು ವರ್ಷದ ಒಳಗಿನ ಮಗು ಏನು ಮಾಡಿದರೂ ಅಪರಾಧ ಅಲ್ಲ. ಹಳೇ ದಂಡ ಸಂಹಿತೆಯಲ್ಲಿ ಅದು 82ನೇ ಸೆಕ್ಷನ್, ಈಗಿನ ನ್ಯಾಯ ಸಂಹಿತೆಯಲ್ಲಿ 20. ಬುದ್ಧಿ ಸ್ಥಿಮಿತ ಇಲ್ಲದೆ ತಾನೇನು ಮಾಡುತ್ತಿದ್ದೇನೆ ಅಂತ ತಿಳಿಯದವರಿಗೂ ಬೇರೆ ಸೆಕ್ಷನ್ ಇದೆ. ಕೈ ಮಾಡಿದ್ದು ಮಾತ್ರ ಸಾಲದು, ಮಾಡುವುದು ತಪ್ಪು ಅಂತ ತಿಳಿಯುವ ಶಕ್ತಿ ಬೇಕು. ಕರಿಯನಿಗೆ ಅದು ಇಲ್ಲ. ಹೊಣೆ ಸಾಕಿದವರದ್ದು. ನಿಮ್ಮ ತಂದೆ ದುಡ್ಡು ಕೊಟ್ಟು ಸರಿಯಾದ ಕೆಲಸ ಮಾಡಿದರು. ದೊಡ್ಡಪ್ಪನವರ ಎರಡನೇ ಬೇಡಿಕೆಗೆ ಆಧಾರ ಇಲ್ಲ.

ಅವರು "ಗತಿ ಕಾಣಿಸ್ತೀನಿ" ಅಂದಿದ್ದಾರಲ್ಲ, ಅದಕ್ಕೂ ಒಂದು ಮಾತು. ಇನ್ನೊಬ್ಬರ ನಾಯಿಗೆ ವಿಷ ಹಾಕಿದರೆ ನ್ಯಾಯ ಸಂಹಿತೆ 325ರಲ್ಲಿ ಐದು ವರ್ಷದವರೆಗೆ ಜೈಲು ಇದೆ. ಬರೀ ಹೊಡೆದು ಬಡಿದು ಹಿಂಸೆ ಕೊಟ್ಟರೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಹೌದು, ಸೊನ್ನೆ ಬಿಟ್ಟುಹೋಗಿಲ್ಲ. ಐವತ್ತೇ.

ಕ್ಯಾತ್ಸಂದ್ರ_ತಟ್ಟೆ
ಐವತ್ತು ರೂಪಾಯಿಗೆ ಈಗ ಎರಡು ತಟ್ಟೆ ಇಡ್ಲಿ ಬಂದರೆ ಪುಣ್ಯ.

ರಾಗಿಮುದ್ದೆ
ಎಲ್ಲಿ ಬರುತ್ತೆ? ನೀವಿರುವ ಕ್ಯಾತ್ಸಂದ್ರದಲ್ಲೇ ಹೈವೇ ಪಕ್ಕ ಬೆಣ್ಣೆ ಹಾಕಿದ್ದಕ್ಕೆ ಬೇರೆ ರೇಟು ಹೇಳುತ್ತಾರೆ.

ಕ್ಯಾತ್ಸಂದ್ರ_ತಟ್ಟೆ
ಹೈವೇ ಪಕ್ಕ ತಿನ್ನುವವರಿಗೆ ಹಾಗೇ ಆಗಬೇಕು. ಊರೊಳಗೆ ಬನ್ನಿ.

ಲ್ಯಾಬ್_ಹುಡುಗಿ
@ಲಾಯರಮ್ಮ, ತನ್ನದನ್ನು ಬಿಟ್ಟುಕೊಡುವ ಉದಾಹರಣೆ ಬೇಕಾ ಮೇಡಂ? 2011ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ಮಾಡಿದ್ದಾರೆ. ಒಂದು ಇಲಿಯನ್ನು ಸಣ್ಣ ಕೊಳವೆಯಲ್ಲಿ ಕೂಡಿಹಾಕಿದರು. ಜೊತೆಯ ಇಲಿ ದಿನಗಟ್ಟಲೆ ಒದ್ದಾಡಿ ಬಾಗಿಲು ತೆರೆಯುವುದನ್ನು ಕಲಿತು ಬಿಡಿಸಿತು. ಇನ್ನೊಂದು ಕೊಳವೆಯಲ್ಲಿ ಚಾಕೊಲೇಟ್ ಇಟ್ಟರೂ ಎರಡನ್ನೂ ತೆರೆಯಿತು. ಎಲ್ಲವನ್ನೂ ತಾನೇ ತಿನ್ನದೆ ಎಷ್ಟೋ ಸಲ ಗೆಳೆಯನಿಗೂ ಚೂರು ಉಳಿಯಿತು.

ಲಾಯರಮ್ಮ
ಒಂಟಿಯಾಗಿ ಇರಲಾರದೆ ಜೊತೆಗೆ ಬೇಕು ಅಂತ ಬಿಡಿಸಿರಬಹುದಲ್ಲ?

ಲ್ಯಾಬ್_ಹುಡುಗಿ
ಇರಬಹುದು. ಆ ವಾದ ಮಾಡಿದ ವಿಜ್ಞಾನಿಗಳೂ ಇದ್ದಾರೆ. ಆದರೆ ನೀವು ಸ್ನೇಹಿತೆಯ ಕಷ್ಟಕ್ಕೆ ಓಡುವುದೂ ಅದಕ್ಕೇ ಇರಬಹುದಲ್ಲ ಮೇಡಂ?

ಲಾಯರಮ್ಮ
ಈ ಹುಡುಗಿ ಲಾ ಓದಬೇಕಿತ್ತು.

ಹಳ್ಳಿಕಾರ್_ಜೋಡಿ
ನಮ್ಮ ತಾತನ ಕಾಲದ ಮಾತು. ರಾಗಿ ಹೊರೆ ತುಂಬಿದ ಗಾಡಿ, ಇಳಿಜಾರು. ನನ್ನ ಅತ್ತೆ ಆಗ ಎರಡು ವರ್ಷದ ಮಗು, ಅಂಬೆಗಾಲಿಟ್ಟು ಗಾಡಿ ಮುಂದೆ ಬಂದುಬಿಟ್ಟಿದೆ. ಎಡಗಡೆ ಎತ್ತು ರಾಮ, ಕಾಲು ಎತ್ತಿದ್ದು ಹಾಗೇ ನಿಲ್ಲಿಸಿತಂತೆ. ಹಿಂದೆ ಗಾಡಿ ತಳ್ಳುತ್ತಿದೆ, ನೊಗ ಕುತ್ತಿಗೆಗೆ ಒತ್ತುತ್ತಿದೆ, ಆದರೂ ಕಾಲು ಕೆಳಗಿಡಲಿಲ್ಲ. ಅಜ್ಜಿ ಓಡಿ ಬಂದು ಮಗು ಎತ್ತಿಕೊಂಡ ಮೇಲೆ ಮುಂದೆ ಹೆಜ್ಜೆ ಇಟ್ಟಿತು. ಆ ಎತ್ತು ಸತ್ತಾಗ ಮಾರಲಿಲ್ಲ, ಹೊಲದಲ್ಲೇ ಹೂತರು. ಸಿದ್ದಗಂಗೆ ಜಾತ್ರೆಯಲ್ಲಿ ತಂದ ಎತ್ತು ಅದು. ಈಗಲೂ ಆ ಜಾಗದಲ್ಲಿ ಉಳುವುದಿಲ್ಲ.

ನೀತಿನೋ ಅಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಅತ್ತೆಗೆ ಈಗ ಅರವತ್ತೆಂಟು.

ಪಾವಗಡ_ಬಿಸಿಲು
ಚೆನ್ನಾಗಿದೆ. ಆದರೆ ತುಳಿದ ಎತ್ತುಗಳ ಕಥೆಯನ್ನು ಯಾರೂ ಮೊಮ್ಮಕ್ಕಳಿಗೆ ಹೇಳುವುದಿಲ್ಲ ಅಣ್ಣ. ಎತ್ತು, ಕುದುರೆ ಕಾಲಡಿ ಮೆತ್ತಗೆ ಏನಾದರೂ ಸಿಕ್ಕರೆ ಹೆದರಿ ನಿಲ್ಲುವುದೂ ಉಂಟು.

ಹಳ್ಳಿಕಾರ್_ಜೋಡಿ
ನಿಮಗೆ ಚಿರತೆ ಸಿಕ್ಕಿತು, ನಮಗೆ ರಾಮ ಸಿಕ್ಕಿದ. ಅವರವರ ಪುಣ್ಯ.

ಚಿಲುಮೆ_ನೀರು
ದೇವರಾಯನದುರ್ಗದಲ್ಲಿ ನನ್ನ ಕನ್ನಡಕ ಕಿತ್ತುಕೊಂಡ ಕೋತಿಗೆ ಯಾವ ಸೆಕ್ಷನ್ ಮೇಡಂ? ಬಾಳೆಹಣ್ಣು ತೋರಿಸಿದ ಮೇಲೆ ಕನ್ನಡಕ ಕೆಳಗೆ ಬಿಸಾಕಿತು. ಕಳ್ಳತನವೋ ವ್ಯಾಪಾರವೋ?

ಲ್ಯಾಬ್_ಹುಡುಗಿ
ಬಾಲಿಯ ಉಲುವಾಟು ದೇವಸ್ಥಾನದ ಕೋತಿಗಳು ಇದೇ ದಂಧೆ ಮಾಡುತ್ತವೆ. ಮೊಬೈಲ್, ಕನ್ನಡಕ ಕಿತ್ತುಕೊಂಡು ತಿಂಡಿ ಕೊಟ್ಟರೆ ವಾಪಸ್ ಕೊಡುತ್ತವೆ. ಯಾವ ವಸ್ತುವಿಗೆ ಜನ ಜಾಸ್ತಿ ತಿಂಡಿ ಕೊಡುತ್ತಾರೆ ಅನ್ನುವುದೂ ದೊಡ್ಡ ಕೋತಿಗಳಿಗೆ ಗೊತ್ತು. ಮರಿಗಳಿಗೆ ಇನ್ನೂ ಗೊತ್ತಿಲ್ಲ, ಸಿಕ್ಕಿದ್ದನ್ನು ಕೀಳುತ್ತವೆ. ಅದರ ಮೇಲೂ ಸಂಶೋಧನೆ ಆಗಿದೆ.

ತಿಪಟೂರು_ತೋಟ
ನಮ್ಮ ತೋಟದವು ಏನನ್ನೂ ವಾಪಸ್ ಕೊಡುವುದಿಲ್ಲ. ಎಳನೀರು ಕುಡಿದು ಬುರುಡೆ ತಲೆ ಮೇಲೆ ಹಾಕುತ್ತವೆ.

ಕಗ್ಗಲಡು_ಮೊಮ್ಮಗ
ಎಲ್ಲರೂ ಪ್ರಾಣಿ ಏನು ಮಾಡುತ್ತೆ ಅಂತಲೇ ಹೇಳುತ್ತಿದ್ದೀರಿ. ಮನುಷ್ಯ ಮಾಡುವ ಒಂದು ಕೆಲಸ ಹೇಳುತ್ತೇನೆ.

ನಮ್ಮ ತಾಯಿ ಊರು ಶಿರಾ ತಾಲೂಕು ಕಗ್ಗಲಡು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ ಬಂದು ಗೂಡು ಕಟ್ಟುತ್ತವೆ. ಕಾಡಲ್ಲ, ಕೆರೆ ನಡುಗಡ್ಡೆಯಲ್ಲ, ಮನೆಗಳ ನಡುವೆ. ವಾಸನೆ ಹೇಗಿರುತ್ತೆ ಅಂತ ಅಲ್ಲಿ ಇದ್ದವರಿಗೇ ಗೊತ್ತು. ಸೂರಿನ ಮೇಲೆ, ಬಟ್ಟೆ ಮೇಲೆ ಎಲ್ಲ ಹಿಕ್ಕೆ. ಗೂಡು ಇರುವಷ್ಟು ದಿನ ನಮ್ಮ ಅಜ್ಜಿ ಆ ಮರಕ್ಕೆ ಕೋಲು ಹಾಕಲು ಬಿಡುತ್ತಿರಲಿಲ್ಲ. ಹುಣಸೆ ಹೋದರೆ ಹೋಯ್ತು. "ಬಸುರಿ ಬಾಣಂತೀರು ತವರಿಗೆ ಬಂದವ್ರೆ, ಓಡ್ಸಕ್ಕಾಗುತ್ತಾ" ಅನ್ನುತ್ತಿದ್ದರು.

ಕೊಕ್ಕರೆಯಿಂದ ಅಜ್ಜಿಗೆ ಏನು ಲಾಭ? ಕೋತಿ ಕೋತಿಗೋಸ್ಕರ ಉಪವಾಸ ಇತ್ತು, ಇಲಿ ಇಲಿಯನ್ನು ಬಿಡಿಸಿತು, ಒಪ್ಪುತ್ತೇನೆ. ಯಾವ ಕೊಕ್ಕರೆ ಮೀನಿನ ಬಸುರಿ ಬಾಣಂತಿ ನೋಡಿದೆ? ನನ್ನ ಪ್ರಕಾರ ವ್ಯತ್ಯಾಸ ಇಲ್ಲಿದೆ. ತನ್ನದಲ್ಲದ ಜೀವವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದು.

ರಾಗಿಮುದ್ದೆ
ಅದೇ ಅಜ್ಜಿ ಹಬ್ಬಕ್ಕೆ ಕೋಳಿ ಸಾರು ಮಾಡುತ್ತಿರಲಿಲ್ವಾ?

ಕಗ್ಗಲಡು_ಮೊಮ್ಮಗ
ಮಾಡುತ್ತಿದ್ದರು. ಬಹಳ ಚೆನ್ನಾಗಿ ಮಾಡುತ್ತಿದ್ದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ನಿವೃತ್ತ_ಮೇಷ್ಟ್ರು
ಉತ್ತರ ಇಲ್ಲ ಅಂತ ಅನ್ನಿಸಿತಲ್ಲ, ಚಿರತೆಗೆ ಆ ತೊಂದರೆ ಇಲ್ಲ.

ನಿರ್ವಾಹಕರು
ಕೋಳಿ ಸಾರಿನಿಂದ ಮಾರಿಹಬ್ಬಕ್ಕೆ, ಅಲ್ಲಿಂದ ಜಾತಿಗೆ ಹೋದ ಆರು ಉತ್ತರಗಳನ್ನು ತೆಗೆದಿದ್ದೇನೆ. ಬೀದಿ ನಾಯಿ ಕಾಟದ ಬಗ್ಗೆ ಈಗಾಗಲೇ ಬೇರೆ ಎಳೆ ಇದೆ, ಅಲ್ಲಿ ಹೋಗಿ ಜಗಳ ಆಡಿ.

ಗುಬ್ಬಿ_ಹುಡುಗ (ಬುಧವಾರ ರಾತ್ರಿ 10.25)
ಕ್ಷಮಿಸಿ, ಎರಡು ದಿನ ಕೆಲಸ. ಇವತ್ತೇ ಎಲ್ಲ ಓದಿದ್ದು. @ದನದ_ಡಾಕ್ಟ್ರು ಕೇಳಿದ್ದರಲ್ಲ ಅಂತ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಹೇಳಿದ್ದು ಇಷ್ಟು. ಒಂಬತ್ತು ಕೋಳಿಗೆ ಗಾಯ ಕತ್ತಿನಲ್ಲೇ. ಎರಡಕ್ಕೆ ತಲೆಯೇ ಇರಲಿಲ್ಲ. ಮೈ ಹರಿದಿರಲಿಲ್ಲ, ಪುಕ್ಕ ಜಾಸ್ತಿ ಉದುರಿರಲಿಲ್ಲ.

ದನದ_ಡಾಕ್ಟ್ರು
ಗೂಡಿನ ಬಾಗಿಲು?

ಗುಬ್ಬಿ_ಹುಡುಗ
ರಾತ್ರಿ ಚಿಲಕ ಹಾಕಿದ್ದೆ, ಬೆಳಿಗ್ಗೆ ನಾನೇ ತೆಗೆದೆ ಅಂತ ದೊಡ್ಡಪ್ಪ ಅವತ್ತೇ ಹತ್ತು ಸಲ ಹೇಳಿದ್ದರು.

ದನದ_ಡಾಕ್ಟ್ರು
ಹಾಗಾದರೆ ನಿಮ್ಮ ಕರಿಯ ಚಿಲಕ ತೆಗೆದು, ಹನ್ನೊಂದು ಕೋಳಿ ಕೊಂದು, ಹೊರಗೆ ಬಂದು, ಮತ್ತೆ ಚಿಲಕ ಹಾಕಿದ್ದಾನೆ. ಅವನಿಗೆ ನೀತಿ ಇರಲಿ ಬಿಡಲಿ, ಬುದ್ಧಿ ಮಾತ್ರ ನಮ್ಮೆಲ್ಲರಿಗಿಂತ ಜಾಸ್ತಿ ಇದೆ.

ತಮಾಷೆ ಸಾಕು. ನನ್ನ ಅನುಭವದಲ್ಲಿ ನಾಯಿ ಕೋಳಿ ಹಿಡಿದರೆ ಬೆನ್ನು, ಸೊಂಟ ಹಿಡಿದು ಕೊಡವುತ್ತೆ, ಅಂಗಳ ಪೂರ್ತಿ ಪುಕ್ಕ. ಕತ್ತಿಗೆ ಕಚ್ಚಿ, ತಲೆ ತೆಗೆದು, ಮೈ ಹಾಗೇ ಬಿಡುವುದು ಕಾಡುಬೆಕ್ಕು ಅಥವಾ ಪುನುಗು ಬೆಕ್ಕಿನ ಕೆಲಸ. ಗೂಡಿನ ಹಿಂದೆ ಸಂದು ಇದೆಯಾ ನೋಡಿಸಿ. ಒಂದು ಗೇಣು ಸಾಕು. ದೊಡ್ಡಪ್ಪ ಬಾಗಿಲು ತೆಗೆದಾಗ ಸತ್ತ ಹ್ಯಾಟೆ ಒಂದನ್ನು ಕರಿಯ ಎಳೆದುಕೊಂಡು ಹೋಗಿರಬೇಕು.

ಲಾಯರಮ್ಮ
ನಾನೂ ಸೇರಿ ಇಷ್ಟು ಜನ ಮೂರು ದಿನ ಆರೋಪಿಗೆ ಬುದ್ಧಿ ಇತ್ತಾ, ಆತ್ಮಸಾಕ್ಷಿ ಇತ್ತಾ ಅಂತ ವಾದ ಮಾಡಿದೆವು. ಅವನೇ ಮಾಡಿದ್ದಾ ಅಂತ ಕೇಳಿದ್ದು 
ಡಾಕ್ಟ್ರು ಒಬ್ಬರೇ. ನನ್ನ ಸನ್ನದು ವಾಪಸ್ ಕೊಡಬೇಕು.

ಚಿಲುಮೆ_ನೀರು
ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ, ಇಲ್ಲಿ ಒರೆಸಿದ್ದು ನಾವು. ಪುನುಗಿಗೆ ಒರೆಸಲೂ ಬರುವುದಿಲ್ಲ.

ಗುಬ್ಬಿ_ಹುಡುಗ (ಗುರುವಾರ ಬೆಳಿಗ್ಗೆ 7.40)
ಅಪ್ಪ ಟಾರ್ಚ್ ಹಿಡಿದು ನೋಡಿ ಬಂದರು. ಹಿಂದಿನ ಮೂಲೆಯಲ್ಲಿ ಹಲಗೆ ಕೊಳೆತು ಸಂದು ಬಿದ್ದಿದೆ. ಅದಕ್ಕೆ ಕಂದು ಕೂದಲು ಅಂಟಿಕೊಂಡಿತ್ತಂತೆ. ಕರಿಯ ಹೆಸರಿಗೆ ತಕ್ಕ ಹಾಗೆ ಪೂರ್ತಿ ಕಪ್ಪು.

ಒಂದು ವಿಷಯ ಮೊದಲ ದಿನ ಬರೆದಿರಲಿಲ್ಲ. ಅವತ್ತು ಎಲ್ಲರೂ ಸೇರಿದ್ದರು, ದೊಡ್ಡಪ್ಪ ಕೂಗಾಡುತ್ತಿದ್ದರು. ನನಗೆ ಅವಮಾನ. ತೆಂಗಿನ ಗರಿ ದಿಂಡು ತಗೊಂಡು ಕರಿಯನಿಗೆ ಹೊಡೆದೆ. ಎರಡು ಏಟಲ್ಲ, ಜಾಸ್ತಿನೇ. ಅಪ್ಪ ಬಂದು ಕೈ ಹಿಡಿದ ಮೇಲೆ ನಿಲ್ಲಿಸಿದೆ. ಅವನು ತಲೆ ತಗ್ಗಿಸಿದ್ದು ಅದಾದ ಮೇಲೆ. ಮೊದಲಲ್ಲ. ನಾನು ಹಿಂದುಮುಂದು ಮಾಡಿ ಬರೆದಿದ್ದೆ.

ಸಂಜೆ ಬಸ್ಸಿಗೆ ಹೊರಟಾಗ ಎಂದಿನ ಹಾಗೆ ರಸ್ತೆವರೆಗೆ ಬಂದ. ಕುಂಟುತ್ತಾ ಬಂದ. ಕೈ ನೆಕ್ಕಿದ.

ಪಾವಗಡ_ಬಿಸಿಲು
ಹೋಗಲಿ ಬಿಡು ತಮ್ಮ. ಕಾಲು ಡಾಕ್ಟ್ರಿಗೆ ತೋರಿಸು.

ಧಾರವಾಡದ_ಸೊಸೆ
ಅವನು ಕ್ಷಮಿಸಿದ್ದಾನೆ ಅಂದುಕೋಬೇಡಿ. ಕ್ಷಮಿಸಲು ಮೊದಲು ನೀವು ತಪ್ಪು ಮಾಡಿದಿರಿ ಅಂತ ಅವನಿಗೆ ಅನ್ನಿಸಬೇಕಲ್ಲ. ಬೇಜಾರಾಗಬೇಡಿ, ಹೇಳದೆ ಇರಲಾಗಲಿಲ್ಲ.

ದನದ_ಡಾಕ್ಟ್ರು
ಕುಂಟುವುದು ನಾಲ್ಕನೇ ದಿನವೂ ಇದ್ದರೆ ಎಕ್ಸ್‌ರೇ ಬೇಕಾಗಬಹುದು. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ನಾಯಿಗೆ ಅಪಾಯ. ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತಿಪಟೂರು_ತೋಟ
ಕೊಟ್ಟ ಐದು ಸಾವಿರ ವಾಪಸ್ ಕೇಳಿ ಮೊದಲು!

ಲಾಯರಮ್ಮ
ಕೇಳಬಹುದು. ತಪ್ಪು ತಿಳಿದು ಕೊಟ್ಟ ಹಣ ವಾಪಸ್ ಕೇಳುವ ಹಕ್ಕು ಇದೆ.

ಗುಬ್ಬಿ_ಹುಡುಗ
ಅಪ್ಪ ಒಪ್ಪುತ್ತಿಲ್ಲ ಮೇಡಂ. "ಅವ್ನ ಕೋಳಿ ಸತ್ತಿದ್ದು ಸುಳ್ಳಾ? ಬಿಡು" ಅಂದರು. ದೊಡ್ಡಪ್ಪನಿಗೆ ಕೂದಲು ತೋರಿಸಿದರಂತೆ. ಅವರು "ಇರಬಹುದು" ಅಂದು ಹಸು ಹಿಡಿದುಕೊಂಡು ಕೆರೆ ಕಡೆ ಹೋದರಂತೆ. ಅಷ್ಟೇ. ಅಮ್ಮನಿಗೆ ಮಾತ್ರ ಆ "ಇರಬಹುದು" ತಡೆಯಲು ಆಗುತ್ತಿಲ್ಲ, ಬೆಳಿಗ್ಗೆಯಿಂದ ಪಾತ್ರೆ ಜೋರಾಗಿ ಇಡುತ್ತಿದ್ದಾರೆ.

ರಾಗಿಮುದ್ದೆ
ಪುನುಗಿಗೆ ಇನ್ನೂ ಗೊತ್ತಿಲ್ಲ ತನ್ನ ಮೇಲೆ ಕೇಸು ಬಂದಿದೆ ಅಂತ.

ಹಳ್ಳಿಕಾರ್_ಜೋಡಿ
ರುಚಿ ಕಂಡ ಪ್ರಾಣಿ, ಮತ್ತೆ ಬರುತ್ತೆ. ಮುಂದಿನ ಸಲ ನಿಮ್ಮ ಗೂಡಿಗೇ ಬರಬಹುದು.

ಗುಬ್ಬಿ_ಹುಡುಗ
ಅದಕ್ಕೇ ಕೇಳುತ್ತಿದ್ದೇನೆ. ಈ ಶನಿವಾರ ಊರಿಗೆ ಹೋಗುವಾಗ ತಂತಿ ಜಾಲರಿ ತಗೊಂಡು ಹೋಗಬೇಕು, ದೊಡ್ಡಪ್ಪನ ಗೂಡಿಗೂ ಸೇರಿಸಿ. ಕೋಳಿ ಜಾಲರಿ ಹಲ್ಲಲ್ಲಿ ಹರಿದುಬಿಡುತ್ತೆ ಅಂತಾರೆ. ಎಷ್ಟು ಗೇಜಿನದು ತಗೋಬೇಕು, ತುಮಕೂರಿನಲ್ಲಿ ಎಲ್ಲಿ ಕಡಿಮೆಗೆ ಸಿಗುತ್ತೆ?

ಕ್ಯಾತ್ಸಂದ್ರ_ತಟ್ಟೆ
ವೆಲ್ಡ್ ಮೆಶ್ ಅಂತ ಕೇಳಿ, ಅರ್ಧ ಇಂಚಿನ ಕಣ್ಣಿನದು. ಮಂಡಿಪೇಟೆಯಲ್ಲಿ ಎರಡು ಮೂರು ಅಂಗಡಿ ವಿಚಾರಿಸಿ. ಮೊದಲ ರೇಟಿಗೆ ಒಪ್ಪಬೇಡಿ.